ಕಪ್ಪು ಹಲಗೆ, ಬಿಳಿ ಹಲಗೆ

ಹಲ್ಲುಜ್ಜುತ್ತ ಬಚ್ಚಲಿನ ಸುಣ್ಣದ ಗೋಡೆಯ ಕಡೆ ನೋಡಿದಾಗ ಅದು ಅಲ್ಲಿತ್ತು. ಸರಿಯಾಗಿ ನೋಡೋಣವೆಂದು ಕಣ್ಣು ತಿರುಗಿಸಿದ್ದೇ ತಡ, ಗೋಡೆ ಬಿಟ್ಟು ಜಾರಿ ಬಾಗಿಲ ಕಡೆ ಹೋಯಿತು. ಬೂದು ಬಣ್ಣದ ಒಂದು ಚುಕ್ಕೆ, ಅದರ ಹಿಂದೆ ಕೂದಲಿನಂಥ ಒಂದು ಎಳೆ. ಹೋದ ಬೇಸಿಗೆಯಲ್ಲಿ ಜ್ವರ ಬಿಟ್ಟ ಮೇಲೆ ಬಂದದ್ದು ಮತ್ತೆ ಹೋಗಿರಲಿಲ್ಲ. ಅನಂತಲಕ್ಷ್ಮಿ ಅದನ್ನು ಅಮ್ಮನಿಗೆ ಮಾತ್ರ ಹೇಳಿದ್ದಳು. ಅಮ್ಮ ಅವಳ ನೆತ್ತಿಗೆ ಹರಳೆಣ್ಣೆ ತಟ್ಟುತ್ತ, ಬಾಗಿಲು ಹಾಕಿದೆಯೋ ಇಲ್ಲವೋ ಎಂದು ಒಮ್ಮೆ ತಿರುಗಿ ನೋಡಿ, ಹೊರಗೆಲ್ಲೂ ಬಾಯಿ ಬಿಡಬೇಡ ಎಂದಿದ್ದಳು. ಕಣ್ಣು ಸರಿಯಿಲ್ಲ ಎಂದು ಗೊತ್ತಾದರೆ ಕಾರ್ಖಾನೆಯಲ್ಲಿ ಕೆಲಸವೂ ಇಲ್ಲ, ಮನೆಗೆ ನೋಡಲು ಬರುವ ಗಂಡೂ ಇಲ್ಲ. ಅಂದಿನಿಂದ ಅಮ್ಮ ಮಗಳ ಕಣ್ಣನ್ನೇ ನೋಡುತ್ತಾಳೆ. ಅನ್ನ ಬಡಿಸುವಾಗ, ತಲೆ ಬಾಚುವಾಗ, ಇವಳು ಒಲೆಯ ಹೊಗೆಗೆ ಕಣ್ಣು ಕಿರಿದು ಮಾಡಿದಾಗ. ನೋಡಿ ಏನೂ ಕೇಳುವುದಿಲ್ಲ. ಆ ಕೇಳದಿರುವಿಕೆಯಿಂದಲೇ ಅನಂತಲಕ್ಷ್ಮಿಗೆ ತನ್ನ ಕಣ್ಣು ತನ್ನದಲ್ಲ, ಯಾರೋ ಎರವಲು ಕೊಟ್ಟು ಯಾವಾಗ ವಾಪಸು ಕೇಳಿಯಾರೋ ಎಂಬಂಥ ಪದಾರ್ಥ ಅನ್ನಿಸತೊಡಗಿತ್ತು.

ಹೊಸಹಳ್ಳಿಯಿಂದ ಮಾಗಡಿ ರಸ್ತೆ ದಾಟಿ ರಾಜಾಜಿನಗರದ ಕೈಗಾರಿಕೆಗಳ ಕಡೆಗೆ ಅವಳು ನಡೆದೇ ಹೋಗುತ್ತಿದ್ದಳು. ಕಾರ್ಖಾನೆಯೊಂದರ ಉದ್ದನೆಯ ಬಿಳಿ ಗೋಡೆಯ ಮೇಲೆ ಮಾತು ಕಡಿಮೆ ಮಾಡಿ ಹೆಚ್ಚು ದುಡಿಯಿರಿ ಎಂದು ಹೊಸದಾಗಿ ಬರೆಸಿದ್ದರು. ತುರ್ತು ಪರಿಸ್ಥಿತಿಯ ಆ ವರ್ಷ ಎಲ್ಲೆಲ್ಲೂ ಅಂಥದ್ದನ್ನೇ ಬರೆಸುತ್ತಿದ್ದರು, ಜನರೂ ಬಸ್ಸಿನಲ್ಲಿ ಪಕ್ಕದವರ ಮುಖ ನೋಡಿಕೊಂಡು ಮಾತಾಡುವುದನ್ನು ಕಲಿತಿದ್ದರು. ಅಕ್ಷರಗಳ ಮೇಲೆ ಚುಕ್ಕೆ ಈಜಿಕೊಂಡು ಅವಳ ಜೊತೆಗೇ ಬಂತು. ಅವಳು ಕೆಲಸ ಮಾಡುವುದು ಇಂಜೆಕ್ಷನ್ ಮದ್ದು ತುಂಬುವ ಒಂದು ಸಣ್ಣ ಕಾರ್ಖಾನೆಯಲ್ಲಿ. ಅಲ್ಲಿ ಅವಳ ಕೆಲಸ ನೋಡುವುದು. ವಠಾರದಲ್ಲಿ ಯಾರಾದರೂ ಕೇಳಿದರೆ ಹೇಳಲು ನಾಚಿಕೆ. ನೋಡುವುದಕ್ಕೂ ಸಂಬಳ ಕೊಡ್ತಾರಾ ಎಂದು ಮೇಲಿನ ಮನೆಯ ಇಂದ್ರಮ್ಮ ಒಮ್ಮೆ ನಕ್ಕಿದ್ದರು. ಬೆರಳುದ್ದದ ಗಾಜಿನ ಆಂಪೂಲಿನಲ್ಲಿ ಮದ್ದು ತುಂಬಿ ಬಾಯಿ ಕರಗಿಸಿ ಮುಚ್ಚಿದ ಮೇಲೆ ಒಳಗೆ ಧೂಳೋ ನಾರೋ ಗಾಜಿನ ಚೂರೋ ಉಳಿದಿದೆಯೇ ಎಂದು ಒಬ್ಬರು ನೋಡಬೇಕು. ಕತ್ತಲು ಮಾಡಿದ ಕೋಣೆ, ಒಂದು ದೀಪ, ಅದರ ಹಿಂದೆ ಅರ್ಧ ಕಪ್ಪು ಅರ್ಧ ಬಿಳಿ ಬಳಿದ ಹಲಗೆ. ಬಿಳಿಯ ಕಸ ಕಪ್ಪಿನ ಮುಂದೆ ಕಾಣುತ್ತದೆ, ಕರಿಯ ಕಸ ಬಿಳಿಯ ಮುಂದೆ. ಆಂಪೂಲಿನ ಕತ್ತು ಹಿಡಿದು ತಲೆಕೆಳಗು ಮಾಡಿ, ಒಂದು ಸುತ್ತು ತಿರುಗಿಸಿ, ತಟ್ಟನೆ ನಿಲ್ಲಿಸಬೇಕು. ಗಾಜು ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ. ನೀರಿನ ಜೊತೆ ಸುತ್ತುವುದು ಕಸ. ಇದ್ದರೆ ಪಕ್ಕದ ತಗಡಿನ ಡಬ್ಬಿಗೆ, ಇಲ್ಲದಿದ್ದರೆ ಟ್ರೇಗೆ. ಇದನ್ನೆಲ್ಲ ಅವಳಿಗೆ ಕೈ ಹಿಡಿದು ಕಲಿಸಿದವಳು ಅಲ್ಲಿ ಹಳಬಳಾದ ಅಂಜಮ್ಮ.

ಕಲಿಯುವಾಗ ಸುಲಭವಾಗಿತ್ತು. ಈಗ ನಿಲ್ಲಿಸಿದ ನೀರಿನಲ್ಲಿ ಏನೋ ಸುತ್ತಿದಾಗ ಅದು ಗಾಜಿನೊಳಗೆ ಸುತ್ತುತ್ತಿದೆಯೋ ತನ್ನ ಕಣ್ಣೊಳಗೆ ಸುತ್ತುತ್ತಿದೆಯೋ ತಿಳಿಯುತ್ತಿರಲಿಲ್ಲ. ಕಣ್ಣು ಅಲುಗಿಸದೆ ನೋಡಿದರೆ ಚುಕ್ಕೆ ತಾನಾಗಿಯೇ ಕೆಳಗಿಳಿಯುತ್ತದೆ, ನಾರಿನ ಹಾಗೆ. ಅಲುಗಿಸಿದರೆ ಹಾರುತ್ತದೆ, ಧೂಳಿನ ಹಾಗೆ. ಅನುಮಾನ ಬಂದದ್ದನ್ನೆಲ್ಲ ಅವಳು ಡಬ್ಬಿಗೆ ಹಾಕತೊಡಗಿದಳು. ಡಬ್ಬಿ ಬೇಗ ತುಂಬುವುದನ್ನು ಯಾರಾದರೂ ಗಮನಿಸಿಯಾರೆಂದು ಹೆದರಿ, ಕೆಲವು ಹೊತ್ತು ಏನು ಕಂಡರೂ ಬಿಟ್ಟುಬಿಡುತ್ತಿದ್ದಳು. ಹಾಗೆ ಬಿಟ್ಟದ್ದರಲ್ಲಿ ಒಂದು ಯಾವುದೋ ಆಸ್ಪತ್ರೆಯಲ್ಲಿ ಯಾವುದೋ ಮಗುವಿನ ತೋಳಿಗೆ ಹೋಗುವುದು ಅವಳಿಗೆ ಊಟದ ನಡುವೆ ಕಾಣುತ್ತಿತ್ತು. ಆ ತೋಳು ಸ್ಪಷ್ಟವಾಗಿ, ಯಾವ ಚುಕ್ಕೆಯೂ ಇಲ್ಲದೆ ಕಾಣುತ್ತಿತ್ತು.

ಸೇತುರಾಮ ಬಂದ ಮೇಲೆ ಇದು ಇನ್ನೂ ಕೆಟ್ಟಿತು. ಎಂ.ಎಸ್ಸಿ. ಓದಿ ಪರೀಕ್ಷೆ ವಿಭಾಗಕ್ಕೆ ಬಂದಿದ್ದ ಯುವಕ, ದಪ್ಪ ಕನ್ನಡಕ. ಕಸ ಗುಡಿಸುವವಳಿಂದ ಹಿಡಿದು ಎಲ್ಲರಿಗೂ ನೀವು ಅನ್ನುತ್ತಿದ್ದ. ಆ ಮರ್ಯಾದೆಯೇ ಅವಳಿಗೆ ಅನುಮಾನ. ಹಿಂದಿನವನು ಬೈಯುತ್ತಿದ್ದ, ಬೈದಾಗ ಅವನ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯುತ್ತಿತ್ತು. ಇವನು ಕತ್ತಲ ಕೋಣೆಯ ಬಾಗಿಲಲ್ಲಿ ಸದ್ದಿಲ್ಲದೆ ನಿಲ್ಲುತ್ತಾನೆ. ಒಂದು ದಿನ ಕೈ ಕಟ್ಟಿಕೊಂಡು, ಪಾಠ ಹೇಳುವವನಂತೆ, ಯಂತ್ರವಾದರೆ ಯಂತ್ರವನ್ನಷ್ಟೇ ಪರೀಕ್ಷಿಸಿದರೆ ಸಾಕು, ಮನುಷ್ಯರು ನೋಡುವ ಕಡೆ ನೋಡುವ ಮನುಷ್ಯರನ್ನೂ ಪರೀಕ್ಷಿಸಬೇಕು, ಈಗಿನ ವಿಜ್ಞಾನ ಹೇಳುವುದೂ ಅದನ್ನೇ, ನೋಡುವವನನ್ನು ಬಿಟ್ಟು ನೋಟವಿಲ್ಲ ಎಂದಿದ್ದ. ಅದಕ್ಕೇ ಇನ್ನು ಮುಂದೆ ಕೆಲವು ಟ್ರೇಗಳಲ್ಲಿ ಬೇಕೆಂದೇ ಕಸವಿರುವ ಆಂಪೂಲುಗಳನ್ನು ಸೇರಿಸಿರುತ್ತೇನೆ, ಯಾವುದೆಂದು ಹೇಳುವುದಿಲ್ಲ, ತಪ್ಪು ತಿಳಿಯಬೇಡಿ ಎಂದ. ಅಂದಿನಿಂದ ಯಾವ ಟ್ರೇಯೂ ಬರೀ ಟ್ರೇ ಆಗಿ ಉಳಿಯಲಿಲ್ಲ. ಆಂಪೂಲಿನಲ್ಲಿ ಅವಳು ಕಸ ಹುಡುಕುವುದು ಬಿಟ್ಟು ಸೇತುರಾಮನನ್ನು ಹುಡುಕತೊಡಗಿದಳು. ಇದನ್ನು ಅವನು ಇಟ್ಟಿರಬಹುದೇ? ಇಟ್ಟಿದ್ದರೆ ಇಷ್ಟು ಮುಂದಿನ ಸಾಲಿನಲ್ಲಿ ಇಡುತ್ತಿದ್ದನೇ? ಬೆನ್ನ ಹಿಂದೆ ಯಾರೂ ಇಲ್ಲದಿದ್ದಾಗಲೂ ಯಾರೋ ಇದ್ದಾರೆಂದು ತಿರುಗಿ ನೋಡುತ್ತಿದ್ದಳು.

ಅವಳು ಓದಿದ ಶಾಲೆಯಲ್ಲಿ ಒಂದೇ ಒಂದು ಸೂಕ್ಷ್ಮದರ್ಶಕವಿತ್ತು. ಮೇಷ್ಟ್ರು ಈರುಳ್ಳಿಯ ಸಿಪ್ಪೆ ಇಟ್ಟು ಮಕ್ಕಳನ್ನು ಸಾಲು ನಿಲ್ಲಿಸಿ ಒಬ್ಬೊಬ್ಬರನ್ನೇ ಬಗ್ಗಿಸಿದ್ದರು. ಅವಳು ಬಗ್ಗಿದಾಗ ಕಂಡದ್ದು ಕಪ್ಪು ಕಪ್ಪು ಕಡ್ಡಿಗಳು, ಬಾಗಿದವು, ಮಿಟುಕಿದಾಗ ಮೇಲೆ ಕೆಳಗೆ ಹೋಗುವಂಥವು. ತನ್ನದೇ ರೆಪ್ಪೆಗೂದಲು. ಹಿಂದಿನವರು ತಳ್ಳುತ್ತಿದ್ದರು. ಕಾಣ್ತಾ ಎಂದು ಮೇಷ್ಟ್ರು ಕೇಳಿದರು. ಕಾಣ್ತು ಸಾರ್ ಎಂದು ಹೇಳಿ, ಕರಿಹಲಗೆಯ ಮೇಲೆ ಅವರು ಬರೆದಿದ್ದ ಇಟ್ಟಿಗೆ ಗೋಡೆಯಂಥ ಚಿತ್ರವನ್ನೇ ಬರೆದು ಕೊಟ್ಟಿದ್ದಳು. ಎಲ್ಲರೂ ಅದನ್ನೇ ಬರೆದಿದ್ದರು. ಅವರಲ್ಲಿ ಎಷ್ಟು ಮಂದಿಗೆ ರೆಪ್ಪೆಗೂದಲೇ ಕಂಡಿತ್ತೋ ಎಂದು ಈಗ, ದೀಪದ ಮುಂದೆ ಕೂತಾಗ, ಅನ್ನಿಸುತ್ತದೆ. ಮರುವರ್ಷ ಅಪ್ಪ ತೀರಿಹೋದರು, ಅವಳು ಶಾಲೆ ಬಿಟ್ಟಳು.

ಅಂಜಮ್ಮನ ಸ್ಟೂಲು ಅವಳ ಎಡಕ್ಕೆ. ಹೊಸಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವವಳು. ಬಡಾವಣೆ ಬರುವ ಮುಂಚೆ ಈಗಿನ ಬಸ್ ನಿಲ್ದಾಣದ ಹತ್ತಿರ ತಮ್ಮ ಅವರೆ ಹೊಲವಿತ್ತೆಂದು ಹೇಳುತ್ತಾಳೆ. ಈಚೆಗೆ ಅವಳು ಚಿಲ್ಲರೆಯನ್ನು ಬೆರಳಿನಿಂದ ಸವರಿ ಗುರುತಿಸುತ್ತಾಳೆ, ಬಸ್ಸಿನ ನಂಬರನ್ನು ಬೇರೆಯವರ ಹತ್ತಿರ ಕೇಳುತ್ತಾಳೆ. ಆದರೂ ಅವಳ ಡಬ್ಬಿಯಲ್ಲಿ ಬೀಳುವ ಆಂಪೂಲುಗಳು ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಸುಮಾರಾಗಿ ಅನಂತಲಕ್ಷ್ಮಿಯ ಡಬ್ಬಿಯಲ್ಲಿ ಬಿದ್ದಷ್ಟೇ. ಒಂದು ಮಧ್ಯಾಹ್ನ ಅನಂತಲಕ್ಷ್ಮಿಗೆ ತಟ್ಟನೆ ಹೊಳೆದಿತ್ತು: ಈಕೆ ನೋಡುತ್ತಿಲ್ಲ, ಕೇಳುತ್ತಿದ್ದಾಳೆ. ತನ್ನ ಡಬ್ಬಿ ಟಿಣ್ ಅಂದ ಸ್ವಲ್ಪ ಹೊತ್ತಿಗೆ ಆ ಡಬ್ಬಿಯೂ ಟಿಣ್ ಅನ್ನುತ್ತದೆ. ಪರೀಕ್ಷಿಸಲೆಂದು ಅವಳು ಎರಡು ಒಳ್ಳೆಯ ಆಂಪೂಲುಗಳನ್ನು ಬೇಕೆಂದೇ ಡಬ್ಬಿಗೆ ಹಾಕಿದಳು. ಸ್ವಲ್ಪ ಹೊತ್ತಿನಲ್ಲೇ ಅಂಜಮ್ಮನ ಕಡೆಯೂ ಟಿಣ್ ಎಂದಿತು. ಆದರೆ ಅದು ಅವಳ ಟ್ರೇಯಲ್ಲಿ ನಿಜವಾಗಿ ಇದ್ದ ಕಸವೇ ಆಗಿರಬಾರದೇಕೆ? ಅಂಜಮ್ಮ ತಿರುಗಿ, ನೀರು ಕುಡಿದು ಬಾ ಹೋಗವ್ವ, ಮೊಕ ಬಾಡೈತೆ ಎಂದಳು. ಕಾಣದವಳಿಗೆ ಕತ್ತಲಲ್ಲಿ ಮುಖ ಬಾಡಿದ್ದು ಹೇಗೆ ಕಂಡಿತೆಂದು ಅನಂತಲಕ್ಷ್ಮಿ ಮತ್ತೆ ಅನುಮಾನಪಟ್ಟಳು.

ಈ ದಿನ ಊಟವಾದ ಮೇಲೆ ಸೇತುರಾಮ ತಾನೇ ಒಂದು ಟ್ರೇ ತಂದು ಅನಂತಲಕ್ಷ್ಮಿಯ ಮುಂದಿಟ್ಟು ಹೋದ. ಅದರಲ್ಲಿ ಅವಳು ಎರಡನ್ನು ತೆಗೆದಳು. ಎರಡರಲ್ಲೂ ಕಪ್ಪಿನ ಮುಂದೆ ಬಿಳಿಯದೇನೋ ಒಂದು ಮಿನುಗಿ ಇಳಿದಂತಿತ್ತು. ಮೂರು ಗಂಟೆಯ ಚಹಾ ಬರುವ ಮುಂಚೆಯೇ ಅವಳನ್ನೂ ಅಂಜಮ್ಮನನ್ನೂ ಅವನು ತನ್ನ ಕೋಣೆಗೆ ಕರೆಸಿದ. ಮೇಜಿನ ಮೇಲೆ ಆ ಎರಡು ಆಂಪೂಲುಗಳು ಹತ್ತಿಯ ಮೇಲೆ ಮಲಗಿದ್ದವು. ಕೂತ್ಕೊಳ್ಳಿ ಎಂದ. ಒಂದೇ ಕುರ್ಚಿಯಿದ್ದುದರಿಂದ ಇಬ್ಬರೂ ನಿಂತೇ ಇದ್ದರು.

“ಇವು ಬೆಳಿಗ್ಗೆ ನೀವು ನೋಡಿ ಪಾಸ್ ಮಾಡಿದ ಟ್ರೇದು, ಅಂಜಮ್ಮ,” ಎಂದ ಸೇತುರಾಮ. “ಆ ಟ್ರೇನೇ ಇವರಿಗೆ ಕೊಟ್ಟೆ. ಇವರು ಇವೆರಡನ್ನ ತೆಗೆದ್ರು. ಇವು ನಾನು ಬೇಕೂಂತ ಸೇರಿಸಿದ್ದಲ್ಲ. ನಾನೂ ನೋಡ್ದೆ, ನನಗೇನೂ ಕಾಣಲಿಲ್ಲ.”

“ನಿಮಗೇ ಕಾಣ್ದೆ ಇದ್ಮೇಲೆ ನಾನು ಬಿಟ್ಟಿದ್ದು ಸರಿ ಆಯ್ತಲ್ಲ ಸಾರ್,” ಎಂದಳು ಅಂಜಮ್ಮ.

ಅವನು ನಗಲಿಲ್ಲ. ತನ್ನ ಕಣ್ಣಿಗೆ ಅಭ್ಯಾಸವಿಲ್ಲ, ಅಭ್ಯಾಸವಿರುವ ಎರಡು ಕಣ್ಣುಗಳು ಒಂದೊಂದು ಹೇಳಿದರೆ ಒಂದು ತಪ್ಪಿರಬೇಕು, ತಪ್ಪಿರುವವರನ್ನು ಆ ಸ್ಟೂಲಿನ ಮೇಲೆ ಕೂರಿಸಲು ಆಗುವುದಿಲ್ಲ ಎಂದು ನಿಧಾನವಾಗಿ ಹೇಳಿದ. ಅನಂತಲಕ್ಷ್ಮಿಯನ್ನು ನೋಡಿ, ನಿಮಗೆ ಕಂಡಿದ್ದು ನಿಜ ತಾನೇ ಎಂದು ಕೇಳಿದ. ಅವಳು ತಲೆಯಾಡಿಸಿದಳು. ಕಂಡದ್ದಂತೂ ನಿಜ. ಅವನು ಒಂದು ಆಂಪೂಲನ್ನು ತೆಗೆದು, ಕತ್ತನ್ನು ಅರದಿಂದ ಗೀರಿ, ಬಟ್ಟೆಯಲ್ಲಿ ಹಿಡಿದು ಲಟಕ್ಕನೆ ಮುರಿದ. ಸೋಸುವ ಕಾಗದದ ಮೇಲೆ ಹನಿಹನಿಯಾಗಿ ಸುರಿದು, ಮೇಜಿನ ದೀಪವನ್ನು ಓರೆಯಾಗಿ ಬಗ್ಗಿಸಿ, ಭೂತಗನ್ನಡಿಯಲ್ಲಿ ನೋಡಿದ. ನೋಡುತ್ತ ನೋಡುತ್ತ ಅವನ ಭುಜ ಸಡಿಲವಾಯಿತು. ನೋಡಿ ಎಂದು ಕನ್ನಡಿಯನ್ನು ಅನಂತಲಕ್ಷ್ಮಿಯ ಕೈಗೆ ಕೊಟ್ಟ. ಒದ್ದೆ ಕಾಗದದ ಅಂಚಿನಲ್ಲಿ ಗಾಜಿನ ಒಂದು ಸಣ್ಣ ಚಕ್ಕೆ ಥಳಥಳಿಸುತ್ತಿತ್ತು. ಈಗ ತಾನೇ ಹುಟ್ಟಿದಂತಿತ್ತು. ಹೊಸ ಗಾಜು, ಹೊಸ ಅಂಚು.

ಮುರಿದಾಗ ಗಾಜು ಒಳಕ್ಕೆ ಉದುರುತ್ತದೆ. ಮೊದಲ ವಾರವೇ ಅಂಜಮ್ಮ ಹೇಳಿದ್ದಳು, ಬಾಯಿ ಒಡೆದದ್ದನ್ನು ಏನೂ ಮಾಡಲಾಗುವುದಿಲ್ಲ, ಅದರ ಪುಡಿ ಅದರೊಳಗೇ ಬಿದ್ದಿರುತ್ತದೆ ಎಂದು. ಹಾಗಾದರೆ ಈ ಚೂರು ತಾನು ನೋಡಿದ್ದೋ, ಈಗ ಇವನು ನೋಡಲೆಂದು ಹುಟ್ಟಿಸಿದ್ದೋ? ಅನಂತಲಕ್ಷ್ಮಿ ತಲೆಯೆತ್ತಿದಳು. ಸೇತುರಾಮ ಒದ್ದೆ ಬಟ್ಟೆಯಿಂದ ಮೇಜನ್ನು ಒರೆಸುತ್ತಿದ್ದ. ಅಂಗೈ ಇಡದೆ, ಬೆರಳ ತುದಿಯಲ್ಲಿ, ಒಂದೇ ದಿಕ್ಕಿಗೆ. ಗಾಜಿನ ಪುಡಿ ಬಿದ್ದಿದೆಯೆಂದು ತಿಳಿದವರು ಒರೆಸುವ ರೀತಿ. ಇವನಿಗೆ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಇದ್ದಾನೆ. ಮಾತಾಡಿದರೆ ಮುಂದಿನ ಪ್ರಶ್ನೆ ಬರುವುದು ತನ್ನ ಕಣ್ಣಿಗೇ. ಅವನು ಬಹಳ ಮರ್ಯಾದೆಯಿಂದ, ಅಂಜಮ್ಮನವರೇ, ನಾಳೆಯಿಂದ ನೀವು ಬರೋದು ಬೇಡ, ಮಾಲೀಕರ ಹತ್ತಿರ ನಾನೇ ಮಾತಾಡ್ತೀನಿ, ಸಿಗೋದೆಲ್ಲ ಸಿಗೋ ಹಾಗೆ ಮಾಡ್ತೀನಿ ಎಂದ. ಅಂಜಮ್ಮ ಕಾಗದದ ಕಡೆ ಒಮ್ಮೆಯೂ ಬಗ್ಗಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಹೋದಳು. ತನ್ನ ಸ್ಟೂಲು ಉಳಿಯಿತು ಎಂಬ ಒಂದು ಸಣ್ಣ ಸುಖ ಅನಂತಲಕ್ಷ್ಮಿಯೊಳಗೆ ಬೆಚ್ಚಗೆ ಹರಿಯಿತು, ಅವಳು ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದಳು.

ಹಿಂದಿನ ಅಂಗಳದ ನಲ್ಲಿಯ ಹತ್ತಿರ ಅಂಜಮ್ಮ ಮುಖ ತೊಳೆಯುತ್ತಿದ್ದಳು. ಅನಂತಲಕ್ಷ್ಮಿ ಹೋಗಿ ನಿಂತಳು. ಬಯ್ಯಲಿ ಎಂದು ಕಾದಳು. ಬಿಸಿಲಿಗೆ ಒಣಗಲು ಹಾಕಿದ ಬಿಳಿ ಬಟ್ಟೆಗಳ ಮೇಲೆ ಚುಕ್ಕೆ ತೇಲಾಡುತ್ತಿತ್ತು.

“ನಂಗೂ ಕಾಣ್ತು ಕಣವ್ವ,” ಎಂದಳು ಅಂಜಮ್ಮ, ಸೆರಗಿನಲ್ಲಿ ಕಣ್ಣೊತ್ತಿಕೊಳ್ಳುತ್ತ. “ಬೆಳಿಗ್ಗೆ. ಬೆಳ್ಳಗೆ ಏನೋ ಇಳೀತು.”

“ಮತ್ತೆ ಯಾಕೆ ಬಿಟ್ರಿ?”

“ಈಗೀಗ ದಿನಾ ಕಾಣ್ತದೆ. ಒಳ್ಳೇದ್ರಲ್ಲೂ ಕಾಣ್ತದೆ. ಇದು ನನ್ ಕಣ್ಣಿಂದು ಅಂತ ಬಿಟ್ಬಿಡ್ತೀನಿ. ಕಂಡಿದ್ದೆಲ್ಲಾ ಡಬ್ಬಿಗೆ ಹಾಕ್ತಾ ಕೂತ್ರೆ ಕಾರ್ಖಾನೆ ಮುಚ್ಕೊಂಡು ಹೋಗ್ಬೇಕಾಗ್ತದೆ.” ಸ್ವಲ್ಪ ತಡೆದು, “ನಿನ್ನ ಕಣ್ಣು ಎಳೇದು. ನೀನು ತೆಗ್ದಿದ್ದೇ ಸರಿಯಿರ್ಬೇಕು ಬಿಡು,” ಎಂದಳು.

ಅನಂತಲಕ್ಷ್ಮಿ ಮೊದಲು ಇದನ್ನೂ ಅನುಮಾನಿಸಿದಳು. ಕೆಲಸ ಹೋದವಳು ಕೊನೆಗೊಂದು ಮುಳ್ಳು ಚುಚ್ಚಿ ಹೋಗಲು ಹೀಗೆ ಹೇಳುತ್ತಿರಬಹುದು. ಇಲ್ಲವೇ ತನ್ನನ್ನು ಸಮಾಧಾನಪಡಿಸಲು. ಆದರೆ ಆ ತೊಳೆದ ಮುಖದಲ್ಲಿ ಹುಡುಕಿದರೆ ಏನೂ ಸಿಗಲಿಲ್ಲ, ದಣಿವಿನ ಹೊರತು. ಇಬ್ಬರಿಗೂ ಒಂದೇ ಕಂಡಿತ್ತು. ಅಂಜಮ್ಮ ತನ್ನ ಕಣ್ಣನ್ನು ಅನುಮಾನಿಸಿ ಗಾಜನ್ನು ಬಿಟ್ಟಿದ್ದಳು. ತಾನು ಕಣ್ಣನ್ನು ಬಚ್ಚಿಟ್ಟು ಗಾಜನ್ನು ಅನುಮಾನಿಸಿದ್ದಳು. ಕಂಡದ್ದರಲ್ಲಿ ವ್ಯತ್ಯಾಸವಿರಲಿಲ್ಲ, ದೂರು ಯಾರ ಮೇಲೆ ಹಾಕಬೇಕೆನ್ನುವುದರಲ್ಲಿ ಮಾತ್ರ ಇತ್ತು. ತನ್ನ ಮೇಲೆ ಹಾಕಿಕೊಂಡವಳು ಈಗ ಮನೆಗೆ ಹೋಗುತ್ತಿದ್ದಾಳೆ. ಇಷ್ಟು ದಿನ ಕಿವಿಯಿಂದ ಕೆಲಸ ಮಾಡುತ್ತಾಳೆಂದು ತಾನು ಮನಸ್ಸಿನಲ್ಲೇ ಕಳ್ಳಿ ಮಾಡಿದ್ದವಳು. “ಸ್ವಲ್ಪ ನಿಂತಿರಿ ಅಂಜಮ್ಮ,” ಎಂದಳು, ಮತ್ತು ಕಾಲು ತಾನಾಗಿಯೇ ವಾಪಸು ನಡೆಯಿತು. ಅಮ್ಮನ ಮುಖ ನೆನಪಾಗುವ ಮುಂಚೆಯೇ ಅವಳು ಸೇತುರಾಮನ ಬಾಗಿಲಲ್ಲಿದ್ದಳು.

“ಸಾರ್, ನನ್ನ ಕಣ್ಣಲ್ಲಿ ಒಂದು ಚುಕ್ಕೆ ಇದೆ. ಜ್ವರ ಬಂದಾಗಿಂದ ಇದೆ.”

ಅವನು ತಕ್ಷಣ ನಂಬಲಿಲ್ಲ. ಅಂಜಮ್ಮ ಹೇಳಿಕೊಟ್ಟಳೇ ಎಂದು ಕೇಳಿದ. ಪಾಪ ಎನ್ನಿಸುವುದು ಸಹಜ, ಆದರೆ ಇದು ಜನರ ನರಕ್ಕೆ ಹೋಗುವ ಮದ್ದು, ಕರುಣೆಗೆ ಜಾಗವಿಲ್ಲ ಎಂದ. ಉಳಿದಿದ್ದ ಇನ್ನೊಂದು ಆಂಪೂಲನ್ನು ಅವಳ ಮುಂದೆ ಹಿಡಿದ. ಕಸವಿದೆಯೋ ಇಲ್ಲವೋ, ಈಗಲೇ ನೋಡಿ ಹೇಳಿ, ಒಂದೇ ಮಾತು. ಅವಳು ಅದನ್ನು ತೆಗೆದುಕೊಂಡಳು, ತಲೆಕೆಳಗು ಮಾಡಿದಳು, ತಿರುಗಿಸಿ ನಿಲ್ಲಿಸಿದಳು. ಅವನು ತನ್ನ ಮುಖವನ್ನು ನೋಡುತ್ತಿರುವುದು ಕೆನ್ನೆಗೆ ಬಿಸಿಯಾಗಿ ತಾಗುತ್ತಿತ್ತು. ಅವನ ಕಪ್ಪು ಫೈಲಿನ ರಟ್ಟಿನ ಮುಂದೆ ನೀರು ಸುತ್ತಿತು, ನಿಂತಿತು. ಒಂದು ಮಿನುಗು ಇಳಿಯಿತು.

“ಕಾಣ್ತಾ ಇದೆ ಸಾರ್. ಎಲ್ಲಿದೆ ಅಂತ ನನಗೆ ಗೊತ್ತಿಲ್ಲ.”

ಸೇತುರಾಮ ಕನ್ನಡಕ ತೆಗೆದ. ಅದಿಲ್ಲದೆ ಅವನ ಕಣ್ಣು ಚಿಕ್ಕದಾಗಿ, ಕಾಯಿಲೆಯಿಂದ ಎದ್ದವನ ಕಣ್ಣಿನಂತೆ ಇತ್ತು. “ಒಡೆದಾಗ ಗಾಜು ಉದುರುತ್ತೆ ಅಂತ ನನಗೂ ಗೊತ್ತು,” ಎಂದ, ಅವಳು ಕೇಳದಿದ್ದರೂ. “ಒಡೀದೆ ಒಳಗೆ ನೋಡೋಕಾಗಲ್ಲ. ಒಡೆದ ಮೇಲೆ ನೋಡಿದ್ದು ಅದೇ ಅಲ್ಲ. ತಪ್ಪು ನೋಡಿದೋರು ಯಾರು ಅಂತ ಮಾಲೀಕರು ಒಂದು ಹೆಸರು ಕೇಳಿದಾರೆ. ನಾನು ಏನಂತ ಹೇಳ್ಲಿ?” ತನ್ನ ಅನುಮಾನ ಸರಿಯಾಗಿತ್ತೆಂಬುದರಿಂದ ಅವಳಿಗೆ ಯಾವ ಗೆಲುವೂ ಸಿಗಲಿಲ್ಲ. ಕನ್ನಡಕ ಮತ್ತೆ ಹಾಕಿಕೊಂಡು ಅವನು, ಇಬ್ಬರೂ ಲೇಬಲ್ ಮೇಜಿಗೆ ಹೋಗಿ, ಅಲ್ಲಿ ಸಂಬಳ ಕಡಿಮೆ, ಆದರೆ ಇಬ್ಬರೂ ಇರಬಹುದು, ನೋಡಲು ಬೇರೆ ಯಾರನ್ನಾದರೂ ಹುಡುಕುತ್ತೇನೆ ಎಂದ.

ಲೇಬಲ್ ಮೇಜು ಕತ್ತಲ ಕೋಣೆಗೆ ಎದುರಾಗಿತ್ತು. ಅಂಜಮ್ಮ ಅಂಟನ್ನು ಬೆರಳಿನಿಂದಲೇ ಅಳೆದು ಹಚ್ಚುತ್ತಿದ್ದಳು, ಒಂದು ಲೇಬಲ್ಲೂ ಓರೆಯಾಗಲಿಲ್ಲ. ಏನು ಹೇಳಿ ಬಂದೆ ಎಂದು ಅವಳು ಕೇಳಲಿಲ್ಲ. ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು, ಅಷ್ಟೇ. ಸಂಜೆಯೊಳಗೆ ಮಾಲು ಹೊರಡಬೇಕಿತ್ತು. ಲಾರಿ ಬಂದು ಅಂಗಳದಲ್ಲಿ ನಿಂತಿತ್ತು. ನೋಡುವವರು ಯಾರೂ ಇಲ್ಲದ್ದರಿಂದ ಸೇತುರಾಮ ತಾನೇ ಕೋಟಿನ ತೋಳು ಮಡಚಿ ದೀಪದ ಮುಂದೆ ಕೂತ. ಬಾಗಿಲ ಪರದೆ ಅರ್ಧ ಸರಿದಿತ್ತು, ಅವನ ಬೆನ್ನು ಕಾಣುತ್ತಿತ್ತು. ಅವನು ಜೋರಾಗಿ ತಿರುಗಿಸಿದ, ಗುಳ್ಳೆಗಳೆದ್ದಿರಬೇಕು, ಅವು ಅಡಗಲೆಂದು ಕಾದ. ಒಂದನ್ನು ಟ್ರೇಗೆ ಹಾಕಿದ, ಮತ್ತೆ ಅದನ್ನೇ ತೆಗೆದು ನೋಡಿದ. ಕನ್ನಡಕ ಒರೆಸಿಕೊಂಡ. ಒಂದು ಆಂಪೂಲು ಅವನ ಕೈಯಲ್ಲಿ ಬಹಳ ಹೊತ್ತು ಉಳಿಯಿತು, ಕಪ್ಪಿನ ಮುಂದೆ, ಬಿಳಿಯ ಮುಂದೆ, ಮತ್ತೆ ಕಪ್ಪಿನ ಮುಂದೆ. ಹೊರಗೆ ಡ್ರೈವರ್ ಹಾರನ್ ಒತ್ತಿದ.

“ಅನಂತಲಕ್ಷ್ಮಿ,” ಎಂದ ಅವನು, ತಿರುಗದೆ.

ಅವಳು ಕೈಗೆ ಅಂಟಿದ ಅಂಟನ್ನು ಒರೆಸಿಕೊಂಡು ಹೋಗಿ ಪಕ್ಕದಲ್ಲಿ ನಿಂತಳು. ಇದರಲ್ಲಿ ಏನೋ ಇದೆ ಅನ್ನಿಸುತ್ತದೆ, ಒಂದು ಸಲ ನೋಡಿ ಎಂದು ಆಂಪೂಲನ್ನು ಅವಳ ಕಡೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ಅವನು ದನಿ ತಗ್ಗಿಸಿದ.

“ಕಣ್ಣಿನ ವಿಷಯ ಯಾರಿಗೂ ಹೇಳಿಲ್ಲ ನಾನು. ಇದೊಂದನ್ನ ಹೌದೋ ಅಲ್ಲವೋ ಅಂತ ಹೇಳಿಬಿಡಿ. ನಾಳೆಯಿಂದ ಮತ್ತೆ ನೀವೇ ಇಲ್ಲಿ ಕೂತ್ಕೊಳ್ಳಿ.”

ಸ್ಟೂಲಿನ ಮೇಲಿನ ಗೋಣಿಯ ಮೆತ್ತೆ ಅವಳೇ ಹೊಲಿದದ್ದು. ಹೌದು ಅಂದರೂ ಆಗುತ್ತದೆ, ಅಲ್ಲ ಅಂದರೂ ಆಗುತ್ತದೆ. ಯಾವುದನ್ನು ಅಂದರೂ ಅವನಿಗೆ ಅದೇ ಕಾಣುತ್ತದೆ. ಅದು ಅವಳಿಗೆ ಈಗ ಚೆನ್ನಾಗಿ ತಿಳಿದಿತ್ತು, ಮತ್ತು ಅಮ್ಮನಿಗೆ ಹೇಳಬೇಕಾದ ಮಾತು ಇನ್ನೂ ಬಾಕಿಯಿತ್ತು.

“ನಿಮಗೆ ಕಂಡಿದ್ದನ್ನ ನೀವೇ ಹೇಳಿ ಸಾರ್,” ಎಂದಳು.

ಅವನ ಕೈ ಟ್ರೇ ಮತ್ತು ಡಬ್ಬಿಯ ನಡುವೆ ನಿಂತಿತು. ಹೊರಗೆ ಮತ್ತೊಮ್ಮೆ ಹಾರನ್ ಕೂಗಿತು. ಆ ಕೈ ಯಾವ ಕಡೆಗೆ ಹೋದರೂ ತನ್ನ ಮುಖದಲ್ಲಿ ಅವನಿಗೆ ಏನೂ ಸಿಗಬಾರದೆಂದು ಅವಳು ಕಣ್ಣು ಮುಚ್ಚಿಕೊಂಡು ನಿಂತಳು.